ಅರಸರ ಅಂಕಿತ, ಶರಣರ ಅಂಕಿತ



ಮಠದ ಉತ್ಸವದಲ್ಲಿ ಸಾಮ್ರಾಜ್ಯಗಳ ಮಾತೇಕೆಂದು ಕೆಲವರಿಗೆ ತೋರಬಹುದು. ಆದರೆ ಉತ್ಸವವೆಂಬುದು ವೈಭವದ ದಿನ. ವೈಭವದ ದಿನದಲ್ಲಿಯೇ ವೈಭವದ ಬೆಲೆಯನ್ನು ವಿಚಾರಿಸಿ ನೋಡುವುದು ಶರಣಧರ್ಮಕ್ಕೆ ಒಪ್ಪುವ ಕಾರ್ಯ. ಲೋಕದಲ್ಲಿ ಎಷ್ಟೋ ಸಾಮ್ರಾಜ್ಯಗಳು ತಲೆಯೆತ್ತಿದುವು, ಮೆರೆದುವು, ಮಣ್ಣುಗೂಡಿದುವು. ಅವುಗಳಲ್ಲಿ ಹೆಚ್ಚಿನವು ತಾವು ದೇವರ ಅಪ್ಪಣೆಯಿಂದ ಹುಟ್ಟಿದವುಗಳೆಂದು ಹೇಳಿಕೊಂಡುವು. ಯಾರೋ ಒಬ್ಬ ಮಹಾತ್ಮನು ತಮ್ಮ ಉದಯವನ್ನು ಮುಂಚಿತವಾಗಿಯೇ ನುಡಿದಿದ್ದನೆಂದು ಸಾರಿದುವು. ಆ ಭವಿಷ್ಯದ ನುಡಿಗೂ, ದೇವರ ಹೆಸರಿಗೂ, ಅರಸನ ಸಿರಿಗೂ ಇರುವ ಸಂಬಂಧವೆಂಥದು? ದೇವರ ಹೆಸರು ಅರಸನನ್ನು ಕಟ್ಟಿ ನಿಲ್ಲಿಸಿತೋ, ಅರಸನೇ ದೇವರ ಹೆಸರನ್ನು ತನ್ನ ಬಾಗಿಲಿಗೆ ಕಟ್ಟಿಕೊಂಡನೋ? ಇದೇ ಈ ಹೊತ್ತಿನ ವಿಚಾರ.

ಇದನ್ನು ತಿಳಿಯಲು ಬಹುದೂರ ಹೋಗಬೇಕಾಗಿಲ್ಲ; ತುಂಗಭದ್ರೆಯ ದಡದ ವಿಜಯನಗರವೇ ಸಾಕು. ಆ ನಗರದ ಅರಸರು ಬರೆಯಿಸಿಕೊಟ್ಟ ತಾಮ್ರಶಾಸನಗಳನ್ನು ಕಂಡವರು ಒಂದು ಸಂಗತಿಯನ್ನು ಬಲ್ಲರು. ಶಾಸನದ ಪಾಠವು ಸಾಮಾನ್ಯವಾಗಿ ಸಂಸ್ಕೃತ ಭಾಷೆಯಲ್ಲಿ, ನಂದಿನಾಗರಿ ಲಿಪಿಯಲ್ಲಿ ಇರುವುದು. ವಂಶದ ವರ್ಣನೆ, ದಾನದ ವಿವರ, ಎಲ್ಲೆಕಟ್ಟುಗಳ ಲೆಕ್ಕ, ದಾನವನ್ನು ಕೆಡಿಸಿದವರಿಗೆ ಶಾಪ, ಇವೆಲ್ಲ ಮುಗಿದ ಮೇಲೆ ಅರಸನು ತನ್ನ ರುಜುವನ್ನು ಹಾಕಬೇಕಾದ ಎಡೆಯಲ್ಲಿ ಅರಸನ ಹೆಸರಿರುವುದಿಲ್ಲ. ಅಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂದಿರುವುದು. ಹಂಪೆಯ ದೇವರೇ ಶಾಸನಕ್ಕೆ ಅಂಕಿತ ಹಾಕಿದಂತೆ! ಸಂಗಮ ವಂಶದವರು ತೊಡಗಿದ ಈ ಪದ್ಧತಿಯನ್ನು ತುಳುವ ವಂಶದ ಕೃಷ್ಣದೇವರಾಯನೂ ಬಿಡಲಿಲ್ಲ. ರಾಜ್ಯವು ವಿರೂಪಾಕ್ಷನದು, ಅರಸನು ಅವನ ಪರವಾಗಿ ಆಳುವವನು ಮಾತ್ರ ಎಂಬುದು ಇದರ ಭಾವ. ಹೀಗೆ ನೋಡಿದರೆ ಇದಕ್ಕಿಂತ ವಿನಯದ ರುಜುವು ಮತ್ತೊಂದಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ ಇದಕ್ಕಿಂತ ಎತ್ತರದ ಅಧಿಕಾರವೂ ಮತ್ತೊಂದಿಲ್ಲ. ಅರಸನ ಮಾತನ್ನು ಮೀರಿದವನು ಅರಸನಿಗೆ ಮಾತ್ರ ಅಪರಾಧಿ. ವಿರೂಪಾಕ್ಷನ ಅಂಕಿತವನ್ನು ಮೀರಿದವನಾದರೋ ದೇವರಿಗೇ ಅಪರಾಧಿ. ಒಂದೇ ರುಜುವಿನಲ್ಲಿ ಈ ಎರಡು ಅರ್ಥಗಳೂ ಅಡಗಿವೆ. ಯಾವ ಅರ್ಥದಿಂದ ಅರಸನು ನಡೆದನೆಂಬುದು ಅಕ್ಷರದಿಂದ ತಿಳಿಯಲಾರದು. ಅವನ ನಡೆಯಿಂದಲೇ ತಿಳಿಯಬೇಕು.

ಈ ರಾಜ್ಯದ ಹುಟ್ಟಿನ ಕಥೆಯನ್ನು ಅರಿಯದವರಿಲ್ಲ. ಬೇಟೆಗೆ ಹೋದ ಅರಸನ ನಾಯಿಗಳನ್ನು ಮೊಲವೊಂದು ತಿರುಗಿ ಅಟ್ಟಿತು. ಅದನ್ನು ಕೇಳಿದ ವಿದ್ಯಾರಣ್ಯರು ಇದು ವೀರಭೂಮಿ, ಇಲ್ಲಿ ನಗರವನ್ನು ಕಟ್ಟು, ಅದು ಮಹಾರಾಜ್ಯಕ್ಕೆ ತಲೆಯಾಗುವುದೆಂದು ಭವಿಷ್ಯವನ್ನು ನುಡಿದರು ಎಂಬುದು ಆ ಕಥೆ. ಇದಕ್ಕೆ ಸೇರಿದಂತೆ ಮತ್ತೊಂದು ಕಥೆಯೂ ಜನರಲ್ಲಿ ಉಂಟು. ಅಡಿಗಲ್ಲನ್ನು ಇಡುವ ಶುಭಮುಹೂರ್ತವನ್ನು ಶಂಖನಾದದಿಂದ ತಿಳಿಸಬೇಕೆಂದು ಗೊತ್ತುಮಾಡಿದ್ದರಂತೆ. ಆ ಗಳಿಗೆ ಬರುವ ಮೊದಲೇ ಭಿಕ್ಷುಕನೊಬ್ಬನು ಊದಿದ ಶಂಖದ ದನಿಯನ್ನು ಕೇಳಿ ಕೆಲಸದವರು ಕಲ್ಲನ್ನು ಇಟ್ಟುಬಿಟ್ಟರಂತೆ. ಆದುದರಿಂದ ರಾಜ್ಯವು ಬಹುಕಾಲ ಬಾಳಲಿಲ್ಲವಂತೆ. ಏಳಿಗೆಗೆ ಒಂದು ಭವಿಷ್ಯ, ಬೀಳಿಗೆಗೆ ಒಂದು ಕಾರಣ. ಎರಡೂ ಅಡಿಗಲ್ಲಿನಲ್ಲಿಯೇ ಸಿದ್ಧ!

ಆದರೆ ಚರಿತ್ರೆಯನ್ನು ಬಲ್ಲವರು ಇಲ್ಲಿ ತಡೆದು ನಿಲ್ಲುವರು. ನಗರಸ್ಥಾಪನೆಗೆ ಹೇಳುವ 1336ನೆಯ ವರ್ಷವೇ ಸಂಪ್ರದಾಯದಿಂದ ಬಂದುದು. ಸಂದೇಹಕ್ಕೆಡೆಯಿಲ್ಲದ ದಾಖಲೆಯೆಂದರೆ ಶೃಂಗೇರಿಯ 1346ರ ಶಾಸನ. ಹರಿಹರನೂ ಅವನ ತಮ್ಮಂದಿರೂ ವಿಜಯೋತ್ಸವವನ್ನು ಆಚರಿಸಿ ಭಾರತೀತೀರ್ಥರಿಗೆ ಭೂಮಿಯನ್ನು ಅರ್ಪಿಸಿದ ಸಂಗತಿ ಅದರಲ್ಲಿದೆ. ವಿದ್ಯಾರಣ್ಯರು ಪೀಠವನ್ನೇರಿದುದು ರಾಜ್ಯವು ಹುಟ್ಟಿ ಹಲವು ದಶಕಗಳಾದ ಮೇಲೆ. ಮಂತ್ರಿಯಾದ ಮಾಧವನಿಗೂ ಮೊದಮೊದಲಿನ ಅರಸರಿಗೂ ಕಾಶೀವಿಲಾಸ ಕ್ರಿಯಾಶಕ್ತಿ ಎಂಬ ಶೈವಗುರುವಿನ ಸಂಬಂಧವಿತ್ತೆಂದೂ ಶಾಸನಗಳಿಂದ ತಿಳಿಯುವುದು. ಭವಿಷ್ಯವಾಣಿಯ ಕಥೆಯು ಬೆಳೆದು ಬಲವಾದುದು 16ನೆಯ ಶತಮಾನದಲ್ಲೆಂದು 1929ರಲ್ಲಿಯೇ ಫಾದರ್ ಹೆರಾಸರು ವಾದಿಸಿದರು. ಅವರ ವಾದದ ಎಲ್ಲ ಭಾಗಗಳನ್ನೂ ಪಂಡಿತರು ಒಪ್ಪಲಿಲ್ಲ; ಆದರೆ ಕಥೆಯು ಘಟನೆಗಿಂತ ಈಚಿನದೆಂಬ ಸಂದೇಹವನ್ನು ಅಳಿಸಿಹಾಕಲು ಯಾರಿಂದಲೂ ಆಗಿಲ್ಲ. ಇದರಿಂದ ಆ ಯತಿಗಳ ಪಾಂಡಿತ್ಯಕ್ಕಾಗಲಿ ಹಿರಿಮೆಗಾಗಲಿ ಕುಂದಿಲ್ಲ. ಅವರ ಹಿರಿಮೆ ಮೊಲದ ಮೇಲೆ ನಿಂತುದಲ್ಲ.

ಅದೂ ಅಲ್ಲದೆ ಆ ಮೊಲವು ಹಂಪೆಯೊಂದರಲ್ಲಿಯೇ ಓಡಲಿಲ್ಲ! ಗುಜರಾತದ ಅಹಮದಾಬಾದನ್ನು 1411ರಲ್ಲಿ ಕಟ್ಟಿದ ಸುಲ್ತಾನನೂ ಮೊಲವು ನಾಯಿಯನ್ನು ಅಟ್ಟಿದುದನ್ನು ಕಂಡನೆಂದು ಅಲ್ಲಿಯವರು ಹೇಳುವರು. ಬಹಮನಿ ಸುಲ್ತಾನನು ಬೀದರವನ್ನು ರಾಜಧಾನಿಯಾಗಿ ಆರಿಸಿಕೊಂಡುದಕ್ಕೂ ಇಂಥದೇ ಕಥೆಯುಂಟು; ಅಲ್ಲಿ ನಾಯಿಗೆ ಎದುರು ನಿಂತುದು ನರಿ. ಆ ಬಹಮನಿ ರಾಜ್ಯದ ಹುಟ್ಟಿಗೂ ಒಬ್ಬ ಮಹಾತ್ಮನ ನುಡಿಯ ಬೆಂಬಲವಿದೆ. ದಿಲ್ಲಿಯ ಷೇಖ್ ನಿಜಾಮುದ್ದೀನ್ ಔಲಿಯಾ ಅವರನ್ನು ಕಂಡು ಮುಹಮ್ಮದ್ ತುಘಲಖನು ಹೊರಟ ಗಳಿಗೆಯಲ್ಲಿಯೇ ಬಡ ಸಿಪಾಯಿಯಾದ ಹಸನನು ಬಾಗಿಲಿಗೆ ಬಂದನಂತೆ. ಒಬ್ಬ ಸುಲ್ತಾನನು ಹೋದನು, ಮತ್ತೊಬ್ಬನು ಬಾಗಿಲಲ್ಲಿದ್ದಾನೆಂದು ನುಡಿದ ಷೇಖರು, ರೊಟ್ಟಿಯನ್ನು ಬೆರಳ ತುದಿಯಲ್ಲಿ ಛತ್ರಿಯಂತೆ ಹಿಡಿದು ಅವನಿಗೆ ಕೊಟ್ಟರಂತೆ. ಹಸನನು 1347ರಲ್ಲಿ ದಕ್ಷಿಣದ ಸುಲ್ತಾನನಾದನು. ಮುಂದೆ ಕಲಬುರಗಿಯಲ್ಲಿ ಫಿರೋಜ್ ಷಾಹನು ತನ್ನ ಮಗನಿಗೆ ಬಂದೇನವಾಜರ ಆಶೀರ್ವಾದವನ್ನು ಬೇಡಿದಾಗ, ಪಟ್ಟವು ಸುಲ್ತಾನನ ತಮ್ಮನಾದ ಅಹಮದನಿಗೆ ಮೀಸಲೆಂದು ಅವರು ನುಡಿದರೆಂಬುದೂ ಪ್ರಸಿದ್ಧವಾಗಿದೆ. ಅಹಮದನೇ 1422ರಲ್ಲಿ ಪಟ್ಟವೇರಿದನು.

ಇಲ್ಲಿ ಗಮನಿಸತಕ್ಕ ಸಂಗತಿ ಯಾವುದೆಂದರೆ, ಗೆದ್ದವರ ಪಾಲಿನ ಭವಿಷ್ಯವಾಣಿಗಳು ಮಾತ್ರ ಉಳಿದುಬಂದಿವೆ. ಸೋತವನಿಗೂ ಯಾರೋ ಒಬ್ಬರು ಜಯವಾಗಲೆಂದು ಹರಸಿದ್ದಿರಬೇಕಲ್ಲವೆ? ಅದನ್ನು ಬರೆದಿಡುವವರಾರು? ಪಶ್ಚಿಮದ ಪುರಾತನ ಚರಿತ್ರೆಯಲ್ಲಿಯೂ ಇದೇ ಮಾತು ಕಾಣುವುದು. ಲಿಡಿಯ ದೇಶದ ಕ್ರೀಸಸನೆಂಬ ಸಿರಿವಂತ ಅರಸನು ಪಾರಸೀಕರ ಮೇಲೆ ದಂಡೆತ್ತಿ ಹೋಗಬಹುದೇ ಎಂದು ಗ್ರೀಸಿನ ಡೆಲ್ಫಿ ಕ್ಷೇತ್ರದಲ್ಲಿ ಪ್ರಶ್ನೆಯಿಟ್ಟನು. ಹಾಗೆ ಮಾಡಿದರೆ ದೊಡ್ಡದೊಂದು ರಾಜ್ಯವು ನಾಶವಾಗುವುದೆಂಬ ಉತ್ತರ ಬಂದಿತೆಂದು ಹೆರೊಡೊಟಸನು ಬರೆದಿರುವನು. ಅರಸನು ಹಿಗ್ಗಿ ಹೊರಟನು. ನಾಶವಾದುದು ಅವನದೇ ರಾಜ್ಯ. ದೇವರ ಮಾತು ಸುಳ್ಳಾಗಲಿಲ್ಲ. ಕೇಳಿದವನ ಆಸೆಯು ಆ ಮಾತಿಗೆ ತನಗೆ ಬೇಕಾದ ಅರ್ಥವನ್ನು ಹಚ್ಚಿತು. ಅವನನ್ನು ಗೆದ್ದ ಸೈರಸನು ಕ್ರಿ. ಪೂ. 539ರಲ್ಲಿ ಬಾಬಿಲೋನನ್ನು ಹಿಡಿದಾಗ, ತಮ್ಮ ದೇವನಾದ ಮರ್ದುಕನೇ ಇವನನ್ನು ಆರಿಸಿದನೆಂದು ಅಲ್ಲಿ ಮಣ್ಣಿನ ಉರುಳೆಯ ಮೇಲೆ ಬರೆಯಿಸಲಾಯಿತು. ಅದೇ ಸೈರಸನನ್ನು ತಮ್ಮ ದೇವರು ಅಭಿಷೇಕಮಾಡಿದನೆಂದು ಯೆಹೂದ್ಯರ ಪ್ರವಾದಿಯ ಗ್ರಂಥವು ಸಾರುವುದು. ಗೆದ್ದವನು ಒಬ್ಬನೇ, ಅವನನ್ನು ಆರಿಸಿದೆವೆಂಬ ದೇವರುಗಳು ಇಬ್ಬರು!

ಹಾಗಾದರೆ ಭವಿಷ್ಯವಾಣಿಯೆಂಬುದೆಲ್ಲ ಹುಸಿಯೆಂದು ತಳ್ಳಿಬಿಡಬೇಕೆ? ಹಾಗೆ ಅವಸರಪಡುವುದು ಸಲ್ಲದು. ಅರಸನಿಗೆ ದೇವರ ಅಪ್ಪಣೆಯಾಗಿದೆಯೆಂದು ಜನರು ನಂಬಿದರೆ, ಆ ನಂಬಿಕೆಯಿಂದ ಜನರ ಕೈಗೂ ಒಂದು ಅಳತೆಗೋಲು ಬಂದಂತಾಯಿತು. ದೇವರ ಪ್ರತಿನಿಧಿಯಾದವನು ದೇವರಂತೆ ನಡೆಯಬೇಕೆಂದು ಕೇಳುವ ಹಕ್ಕು ಅವರಿಗುಂಟಾಯಿತು. ಈ ಅಳತೆಗೆ ಸರಿಹೊಂದಿದ ಒಂದು ಪ್ರಸಂಗವು ಶ್ರವಣಬೆಳಗೊಳದ 1368ರ ಶಾಸನದಲ್ಲಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಾದ ಹುಟ್ಟಿ, ಸಂಖ್ಯೆಯಲ್ಲಿಯೂ ಬಲದಲ್ಲಿಯೂ ಕಡಮೆಯಾದ ಜೈನರು ತಮಗೆ ಅನ್ಯಾಯವಾಯಿತೆಂದು ಬುಕ್ಕರಾಯನಲ್ಲಿ ಮೊರೆಯಿಟ್ಟರು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದೂ, ಜೈನರ ಪಂಚಮಹಾವಾದ್ಯಗಳೂ ಕಲಶವೂ ಹಿಂದಿನಂತೆ ಸಲ್ಲತಕ್ಕವೆಂದೂ, ಅವರಿಗೆ ಬಂದ ಹಾನಿಯನ್ನು ವೈಷ್ಣವರು ತಮ್ಮ ಹಾನಿಯೆಂದೇ ಭಾವಿಸಬೇಕೆಂದೂ ಕಟ್ಟುಮಾಡಿದನು. ಮನೆಗೆ ವರ್ಷಕ್ಕೊಂದು ಹಣದಂತೆ ಜೈನರಿಂದ ಕೂಡಿಸಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣಬಣ್ಣ ಮಾಡಿಸತಕ್ಕದ್ದೆಂದು ಏರ್ಪಾಡಾಯಿತು. ಈ ಕೆಲಸದ ಹೊಣೆ ಬಿದ್ದುದು ಯಾರ ಮೇಲೆ? ತಿರುಮಲೆಯ ತಾತಯ್ಯನೆಂಬ ವೈಷ್ಣವನ ಮೇಲೆಯೇ! ಅರಸನು ಶೈವ, ಹೊಣೆಗಾರನು ವೈಷ್ಣವ, ರಕ್ಷಣೆ ಪಡೆದವರು ಜೈನರು. ದೇವರ ಪರವಾಗಿ ಆಳುವುದೆಂದರೆ ಇದು. ಆ ಕಲ್ಲಿನ ಮುಂದೆ ಮೊಲದ ಕಥೆಯೂ ಶಂಖದ ಕಥೆಯೂ ಬೇಕಾಗುವುದಿಲ್ಲ.

ಆ ಬಳಿಕ ಆ ರಾಜ್ಯದ ಸಿರಿಯು ಹೇಗೆ ಬೆಳೆಯಿತೆಂಬುದನ್ನು ಪರದೇಶದವರೇ ಬರೆದಿಟ್ಟಿರುವರು. ಪಾರಸೀಕ ದೇಶದಿಂದ 1443ರಲ್ಲಿ ಬಂದ ಅಬ್ದುರ್ ರಜಾಕನು ಒಂದರೊಳಗೊಂದಾಗಿ ಏಳು ಕೋಟೆಗಳನ್ನು ಎಣಿಸಿದನು. 1520ರ ಸುಮಾರಿಗೆ ಬಂದ ಪೋರ್ಚುಗೀಸಿನ ಪಾಯೆಸನು ನಗರವನ್ನು ರೋಮಿಗೆ ಹೋಲಿಸಿದನು. ಆ ಏಳಿಗೆಯ ಕಾಲದಲ್ಲಿಯೇ, ಪ್ರೌಢದೇವರಾಯನೆಂದು ಹೆಸರಾದ ಎರಡನೆಯ ದೇವರಾಯನ ಆಳಿಕೆಯಲ್ಲಿ (1424–1446), ನೂರೊಂದು ವಿರಕ್ತರ ಮಹಾಸಮೂಹವು ನೆಲೆಗೊಂಡಿತೆಂಬುದು ವೀರಶೈವ ಪರಂಪರೆಯು ಎಂದೂ ಮರೆಯದ ಸಂಗತಿ. ಲಕ್ಕಣ್ಣ ದಂಡೇಶನು ದಂಡನಾಯಕನಾಗಿದ್ದುಕೊಂಡೇ ಶಿವತತ್ತ್ವಚಿಂತಾಮಣಿಯನ್ನು ಬರೆದನು. ಚಾಮರಸನು ಪ್ರಭುಲಿಂಗಲೀಲೆಯನ್ನು ರಚಿಸಿದನು. ಚದರಿಹೋಗಿದ್ದ ವಚನಗಳನ್ನು ಹುಡುಕಿ ಕೂಡಿಸುವ ಕೆಲಸವು ನಡೆಯಿತು. ಅರಸನ ನೆರಳು ಅಲ್ಲಿ ಇದ್ದಿತು, ದಿಟ. ಆದರೆ ಕೆಲಸವನ್ನು ಮಾಡಿದವರು ವಿರಕ್ತರು. ಅರಮನೆಯ ನೆರಳು ಸರಿದುಹೋದ ಮೇಲೆಯೂ ಓಲೆಗರಿಗಳು ಉಳಿದುವು.

ಸರಿದುಹೋಯಿತೆಂಬ ಮಾತನ್ನು ವಿವರಿಸಿ ಹೇಳಬೇಕಾಗಿದೆ. ಅಳಿಯ ರಾಮರಾಯನು ನೆರೆಯ ಸುಲ್ತಾನರಲ್ಲಿ ಒಬ್ಬನನ್ನು ಮತ್ತೊಬ್ಬನ ಮೇಲೆ ಎತ್ತಿಕಟ್ಟಿ ಬಹುಕಾಲ ಆಟವಾಡಿದನು. ಕಡೆಗೆ ಬಿಜಾಪುರ, ಅಹಮದನಗರ, ಗೋಲಕೊಂಡ, ಬೀದರಗಳ ನಾಲ್ವರೂ ಒಂದಾದರು. 1565ರ ಜನವರಿ ತಿಂಗಳಲ್ಲಿ ಕೃಷ್ಣಾನದಿಯ ಬಳಿ ನಡೆದ ಕಾಳಗದಲ್ಲಿ ಮುಪ್ಪಿನ ರಾಮರಾಯನ ತಲೆ ಉರುಳಿತು. ಅವನ ತಮ್ಮನಾದ ತಿರುಮಲನು ಅರಸನಾದ ಸದಾಶಿವನನ್ನೂ ಬೊಕ್ಕಸವನ್ನೂ ಕರೆದೊಯ್ದು ಪೆನುಗೊಂಡೆಯನ್ನು ಸೇರಿದನು. ಕಾವಲಿಲ್ಲದ ನಗರವು ತಿಂಗಳುಗಟ್ಟಲೆ ಲೂಟಿಗೆ ಗುರಿಯಾಯಿತು. ಎರಡು ವರ್ಷಗಳಾದ ಮೇಲೆ ಅಲ್ಲಿಗೆ ಬಂದ ಇಟಲಿಯ ವರ್ತಕ ಫೆಡೆರಿಚಿಯು, ಮನೆಗಳು ನಿಂತಿದ್ದರೂ ಬರಿದಾಗಿವೆ, ಹುಲಿ ಮೊದಲಾದ ಕಾಡುಮೃಗಗಳು ಅವುಗಳಲ್ಲಿ ವಾಸವಾಗಿವೆ ಎಂದು ಬರೆದನು.

ಈಗ ಆ ಅಂಕಿತದ ಗತಿಯೇನಾಯಿತೆಂಬುದನ್ನು ನೋಡಿರಿ. ಅರಸೊತ್ತಿಗೆಯು ಪೆನುಗೊಂಡೆಗೂ, ಅಲ್ಲಿಂದ ಚಂದ್ರಗಿರಿಗೂ ಸರಿಯಿತು. ತಿರುಪತಿಯ ಸೀಮೆಯು ಸಮೀಪವಾಯಿತು. ಅರವೀಡು ವಂಶದ ವೆಂಕಟಪತಿರಾಯನ ಶಾಸನಗಳ ಕೊನೆಯಲ್ಲಿ ‘ಶ್ರೀ ವೆಂಕಟೇಶ’ ಎಂದಾಯಿತು. ವೆಂಕಟೇಶನೂ ದೇವರೇ, ಅದರಲ್ಲಿ ದೋಷವಿಲ್ಲ. ಆದರೆ ರಾಜ್ಯವು ವಿರೂಪಾಕ್ಷನದೇ ಆಗಿದ್ದರೆ, ಒಡೆಯನು ಹಂಪೆಯಲ್ಲಿಯೇ ಇರುವಾಗ ಅಂಕಿತವು ಬೇರೆಯಾದುದೇಕೆ? ಅಂಕಿತವು ದೇವರ ಹೆಸರಿನದಾದರೂ ಅದು ನಡೆದುದು ಸಿಂಹಾಸನದ ಹಿಂದೆ! ಇತ್ತ ವಿರೂಪಾಕ್ಷನಾದರೋ ಎಲ್ಲಿಯೂ ಹೋಗಲಿಲ್ಲ. ಪಟ್ಟಾಭಿಷೇಕದ ನೆನಪಿಗಾಗಿ ಕೃಷ್ಣದೇವರಾಯನು 1510ರಲ್ಲಿ ರಂಗಮಂಟಪವನ್ನು ಕಟ್ಟಿಸಿದ ಆ ಗುಡಿಯಲ್ಲಿ ಇಂದಿಗೂ ದೀಪ ಉರಿಯುತ್ತಿದೆ, ಗಂಟೆ ಮೊಳಗುತ್ತಿದೆ, ತೇರು ಎಳೆಯಲ್ಪಡುತ್ತಿದೆ. ಅರಮನೆಯ ಕಟ್ಟೆಗಳು ಮಾತ್ರ ಅಡಿಪಾಯ ಹೊರತು ಮತ್ತೇನೂ ಇಲ್ಲದೆ ಬಿಸಿಲಿಗೆ ಬಿದ್ದಿವೆ. 1986ರಲ್ಲಿ ಆ ಪಾಳುನಗರವನ್ನು ಜಗತ್ತಿನ ಪರಂಪರೆಯ ತಾಣಗಳ ಪಟ್ಟಿಯಲ್ಲಿ ಸೇರಿಸಲಾಯಿತು. ಅರಸನು ದೇವರಿಗೆ ಆಸರೆಯೆಂದು ಬಗೆದವರು ಹಂಪೆಗೆ ಹೋಗಿ ಒಂದು ಸಂಜೆ ನಿಂತು ನೋಡಬೇಕು.

ಇಷ್ಟು ಹೇಳಿ ನಿಲ್ಲಿಸಿದರೆ ಅನ್ಯರ ಮನೆಯ ಲೆಕ್ಕವನ್ನು ಮಾತ್ರ ನೋಡಿದಂತಾಗುವುದು. ಸ್ವಂತ ಮನೆಯ ಲೆಕ್ಕವನ್ನೂ ನೋಡಬೇಕು. ವೀರಶೈವ ಸಮಾಜದಲ್ಲಿಯೂ ಭವಿಷ್ಯವಾಣಿಯು ಬಲವಾಗಿ ಬೇರೂರಿದೆ. ಅದಕ್ಕೆ ಕಾಲಜ್ಞಾನವೆಂದು ಹೆಸರು. ಅದರ ಬೇರು ಕಲ್ಯಾಣದ ಸಂಕಟದಲ್ಲಿದೆ. ಚಾಲುಕ್ಯರ ಮಾಂಡಲಿಕನಾಗಿದ್ದ ಕಳಚುರ್ಯ ಬಿಜ್ಜಳನು 1162ರ ಸುಮಾರಿಗೆ ತಾನೇ ಚಕ್ರವರ್ತಿಯಾದನು. ಅವನ ಭಂಡಾರಿಯಾದ ಬಸವಣ್ಣನವರ ಸುತ್ತ ಶರಣಸಂಕುಲವು ನೆರೆಯಿತು. ಹರಳಯ್ಯ ಮಧುವರಸರ ಮಕ್ಕಳ ಮದುವೆಯಿಂದ ಅರಮನೆಯು ಕೆರಳಿತು, ಶರಣರಿಗೆ ಘೋರಶಿಕ್ಷೆಯಾಯಿತು, ಬಿಜ್ಜಳನ ಕೊಲೆಯಾಯಿತು, ಶರಣರು ಉಳವಿಗೆ, ಶ್ರೀಶೈಲಕ್ಕೆ, ಕೂಡಲಸಂಗಮಕ್ಕೆ ಚದರಿಹೋದರು. ಆ ಶತಮಾನವು ಮುಗಿಯುವಷ್ಟರಲ್ಲಿಯೇ ಕಳಚುರ್ಯರೂ ಇಲ್ಲ, ಚಾಲುಕ್ಯರೂ ಇಲ್ಲ; ನಾಡನ್ನು ಸೇವುಣರೂ ಹೊಯ್ಸಳರೂ ಹಂಚಿಕೊಂಡರು.

ಕಲ್ಯಾಣವು ಹಾಳಾಯಿತೆಂಬ ನೋವು ಆರಲಿಲ್ಲ. ಅದು ಮತ್ತೆ ಕಲ್ಯಾಣವಾಗುವುದೆಂದೂ, ವೀರವಸಂತರಾಯನೆಂಬ ಅರಸನು ಹುಟ್ಟಿಬಂದು ಶರಣರ ರಾಜ್ಯವನ್ನು ನಿಲ್ಲಿಸುವನೆಂದೂ ಕಾಲಜ್ಞಾನದ ವಚನಗಳು ಹುಟ್ಟಿದುವು. ವಿರೂಪಾಕ್ಷ ಪಂಡಿತನು 1584ರಲ್ಲಿ ಚೆನ್ನಬಸವಪುರಾಣವನ್ನು ಬರೆದಾಗ, ಹಿಂದೆ ನಡೆದುಹೋದುದನ್ನೂ ಮುಂದೆ ನಡೆಯಬೇಕಾದುದನ್ನೂ ಚೆನ್ನಬಸವಣ್ಣನವರ ಭವಿಷ್ಯದ ನುಡಿಯಾಗಿ ಅದರಲ್ಲಿ ಸೇರಿಸಿದನು. ಆ ವರ್ಷವನ್ನು ಮರೆಯಬಾರದು: ವಿಜಯನಗರವು ಹಾಳಾಗಿ ಇನ್ನೂ ಹತ್ತೊಂಬತ್ತು ವರ್ಷಗಳು ಮಾತ್ರ ಕಳೆದಿದ್ದುವು. ಎರಡು ಪಾಳುನಗರಗಳ ನಡುವೆ ಕುಳಿತ ಕವಿಗೆ ಮೂರನೆಯದೊಂದು ನಗರದ ಆಸೆಯು ಮೂಡಿದುದು ಸಹಜವೇ. ಕೊಡೇಕಲ್ಲ ಬಸವಣ್ಣ ಮೊದಲಾದವರ ಕಾಲಜ್ಞಾನಗಳೂ ಅದೇ ಶತಮಾನದ ಕಳವಳದಿಂದ ಹೊಮ್ಮಿದುವು. ಅರಸರ ಭವಿಷ್ಯವಾಣಿಯು ಗೆದ್ದವನ ಕೊರಳಿಗೆ ಹಾಕಿದ ಹಾರ. ಈ ಕಾಲಜ್ಞಾನವಾದರೋ ಸೋತವರ ನಿಟ್ಟುಸಿರು. ಆದುದರಿಂದಲೇ ಅದಕ್ಕೆ ಹೆಚ್ಚಿನ ಗೌರವವು ಸಲ್ಲಬೇಕು. ದಂಡು ದಾಳಿಗಳಿಂದ ನೊಂದ ಜನರಿಗೆ, ಅನ್ಯಾಯವೇ ಕಡೆಯ ಮಾತಲ್ಲವೆಂಬ ಧೈರ್ಯವನ್ನು ತಲೆಮಾರುಗಳ ತನಕ ಕೊಟ್ಟುದು ಅದು.

ಆದರೂ ಒಂದು ಪ್ರಶ್ನೆಯನ್ನು ಕೇಳದೆ ಬಿಡುವಂತಿಲ್ಲ. ಕಲ್ಯಾಣವನ್ನು ಕಲ್ಯಾಣವನ್ನಾಗಿ ಮಾಡಿದವನು ಅರಸನೆ? ಅಲ್ಲಿ ಬಿಜ್ಜಳನೆಂಬ ಅರಸನಿದ್ದನು. ಅರಸನಿದ್ದುದರಿಂದಲೇ ಅದು ಕೆಟ್ಟಿತು. ಅದನ್ನು ಕಟ್ಟಿದವರು ಬಟ್ಟೆಯನ್ನು ಒಗೆದ ಮಾಚಯ್ಯ, ದೋಣಿಯನ್ನು ನಡೆಸಿದ ಚೌಡಯ್ಯ, ಮೆಟ್ಟನ್ನು ಹೊಲಿದ ಹರಳಯ್ಯ, ಅಂಗಳದ ಅಕ್ಕಿಯನ್ನು ಆಯ್ದ ಮಾರಯ್ಯ ಲಕ್ಕಮ್ಮರು. ವಸಂತರಾಯನ ದಾರಿಯನ್ನು ಕಾಯುತ್ತ ಕುಳಿತವನು ಇವರನ್ನು ಮರೆತರೆ, ಕಾಲಜ್ಞಾನವು ಧೈರ್ಯವಾಗಿ ಉಳಿಯದೆ ಸೋಮಾರಿತನವಾಗುವುದು. ಶರಣರು ಶಕುನವನ್ನು ನೋಡಿದವರಲ್ಲ, ಮುಹೂರ್ತವನ್ನು ಕೇಳಿದವರಲ್ಲ. ಕಾಯಕಕ್ಕೆ ಕೈಯಿಟ್ಟ ಗಳಿಗೆಯೇ ಅವರಿಗೆ ಸುಮುಹೂರ್ತ. ಮುಂದೇನಾಗುವುದೆಂದು ತಿಳಿಯುವುದು ಕಾಲಜ್ಞಾನವಾದರೆ, ಈ ಹೊತ್ತು ಏನನ್ನು ಮಾಡಬೇಕೆಂದು ತಿಳಿಯುವುದು ಶಿವಜ್ಞಾನ.

ಮೊದಲು ಹೇಳಿದ ಅಂಕಿತದ ಮಾತಿಗೆ ಈಗ ಮರಳಬೇಕು. ಅರಸನ ಶಾಸನದ ಕೊನೆಯಲ್ಲಿ ದೇವರ ಹೆಸರಿರುವಂತೆಯೇ ಶರಣನ ವಚನದ ಕೊನೆಯಲ್ಲಿಯೂ ದೇವರ ಹೆಸರಿರುವುದು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುವಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ನೋಟಕ್ಕೆ ಎರಡೂ ಒಂದೇ ಬಗೆಯವು. ಆದರೆ ಅವುಗಳ ನಡುವೆ ಇರುವ ಅಂತರವನ್ನು ವಿಚಾರಿಸಿರಿ. ಅರಸನು ಆಜ್ಞೆಯನ್ನು ಕೊಟ್ಟು, ಇದಕ್ಕೆ ದೇವರು ಹೊಣೆಯೆಂದು ಲೋಕಕ್ಕೆ ತೋರಿಸುವನು. ಶರಣನು ತನ್ನ ಅಂತರಂಗವನ್ನು ಬಿಚ್ಚಿ, ಇದರಲ್ಲಿ ಹುಸಿಯಿದ್ದರೆ ನೀನೇ ಸಾಕ್ಷಿಯೆಂದು ದೇವರ ಮುಂದೆ ನಿಲ್ಲುವನು. ಒಂದು ಅಂಕಿತವು ಅನ್ಯರನ್ನು ಬಾಗಿಸಲು ಹಾಕಿದುದು; ಮತ್ತೊಂದು ತನ್ನನ್ನು ತಾನೇ ಬಾಗಿಸಿಕೊಳ್ಳಲು ಹಾಕಿದುದು. ಒಂದರ ಹಿಂದೆ ದಂಡು, ಬೊಕ್ಕಸ, ಕೋಟೆಗಳಿದ್ದುವು. ಮತ್ತೊಂದರ ಹಿಂದೆ ನಡೆಯಲ್ಲದೆ ಬೇರೇನೂ ಇರಲಿಲ್ಲ. ದಂಡಿನ ಬೆಂಬಲವಿದ್ದುದು ತಾಮ್ರದಲ್ಲಿ ಮಾತ್ರ ಉಳಿಯಿತು. ನಡೆಯ ಬೆಂಬಲವಿದ್ದುದು ಜನರ ನಾಲಗೆಯ ಮೇಲೆ ಉಳಿಯಿತು.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವು ಇಲ್ಲಿ ನೆನಪಿಗೆ ತರತಕ್ಕದ್ದು. ಗಂಡನಾದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿ ಹಿಗ್ಗಲಿಲ್ಲ. ಅತಿಯಾದ ಆಸೆಯು ಅರಮನೆಗೆ ತಕ್ಕುದೇ ಹೊರತು ಶರಣನ ಮನೆಗೆ ತಕ್ಕುದಲ್ಲವೆಂಬ ತಿಳಿವನ್ನು ಗಂಡನಿಗೆ ಹೇಳಿ, ಹೆಚ್ಚಾದ ಅಕ್ಕಿಯನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಮಾಡಿದಳು. ಒಂದು ಹಿಡಿ ಅಕ್ಕಿಯಲ್ಲಿ ಆಕೆಯು ಕಂಡುದನ್ನು ಏಳು ಕೋಟೆಗಳ ಒಡೆಯರು ಕಾಣಲಿಲ್ಲ. ಸಾಕು ಎಂಬ ಮಾತನ್ನು ಆಡಲಾರದ ವೈಭವಕ್ಕೆ ಎಷ್ಟು ದೇವರ ಅಂಕಿತವಿದ್ದರೇನು?

ಅರಸರಾದವರೆಲ್ಲ ಈ ತಿಳಿವಿಗೆ ಹೊರಗಾದವರೆಂದು ಹೇಳುವುದೂ ಸರಿಯಲ್ಲ. ಲಿಂಗಧಾರಿಗಳೇ ಆಳಿದ ಕೆಳದಿಯ ಸಂಸ್ಥಾನವು ಇದಕ್ಕೆ ಸಾಕ್ಷಿ. ಅದರ ಹುಟ್ಟಿಗೂ ಕಥೆಯುಂಟು: ಹುತ್ತದ ಮೇಲೆ ಹಸುವು ಹಾಲ್ಗರೆದುದು, ಅಲ್ಲಿ ಲಿಂಗವು ದೊರೆತುದು, ನಿಧಿಯೂ ಖಡ್ಗವೂ ಚೌಡಪ್ಪನ ಕೈಸೇರಿದುದು. ಅವರ ಶಾಸನಗಳ ಕೊನೆಯಲ್ಲಿಯೂ ‘ಶ್ರೀ ಸದಾಶಿವ’ ಎಂಬ ಅಂಕಿತವಿರುವುದು. ಆದರೆ ಆ ಅಂಕಿತಕ್ಕೆ ಬೆಲೆ ಬಂದುದು ಹುತ್ತದ ನಿಧಿಯಿಂದಲ್ಲ. 1689ರಲ್ಲಿ ಔರಂಗಜೇಬನು ಸಂಭಾಜಿಯನ್ನು ಕೊಲ್ಲಿಸಿದ ಮೇಲೆ, ಶಿವಾಜಿಯ ಕಿರಿಯ ಮಗನಾದ ರಾಜಾರಾಮನು ಜೀವವನ್ನು ಉಳಿಸಿಕೊಳ್ಳಲು ಜಿಂಜಿಯ ಕಡೆಗೆ ಸಾಗುತ್ತ ಕೆಳದಿಯ ಸೀಮೆಗೆ ಬಂದನು. ಆಶ್ರಯವಿತ್ತರೆ ಹಿಂದುಸ್ಥಾನದ ಬಹುಭಾಗವನ್ನಾಳುವ ಬಾದಶಹನ ವೈರ; ಇಲ್ಲವೆಂದರೆ ಶರಣಾಗತನ ಕೊಲೆ. ರಾಣಿ ಚೆನ್ನಮ್ಮಾಜಿಯು ಆಶ್ರಯವನ್ನಿತ್ತು ಅವನನ್ನು ಮುಂದಕ್ಕೆ ಸಾಗಿಸಿದಳು. ಬಾದಶಹನ ದಂಡು ಬಂದಾಗ ಎದುರಾಗಿ ನಿಂತು ರಾಜ್ಯವನ್ನು ಉಳಿಸಿಕೊಂಡಳು. ಸದಾಶಿವನ ಅಂಕಿತವು ಆ ದಿನ ನಿಜವಾಯಿತು. ಕೆಳದಿಯ ರಾಜ್ಯವೂ 1763ರಲ್ಲಿ ಹೈದರಾಲಿಯ ಕೈಸೇರಿ ಬಿದನೂರಿನ ಸಿರಿಯು ಉಳಿಯಲಿಲ್ಲ. ಚೆನ್ನಮ್ಮಾಜಿಯ ಆ ಒಂದು ನಡೆಯು ಉಳಿಯಿತು.

ಶರಣಬಂಧುಗಳೆ, ಈ ವಿಚಾರವು ಹಳೆಯ ಕಾಲದ್ದೆಂದು ಬಿಡುವಂತಿಲ್ಲ. ಅರಸೊತ್ತಿಗೆಗಳು ಅಳಿದುವು, ಉಂಬಳಿ ಮಾನ್ಯಗಳು ಹೋದುವು, ಆಳುವವರನ್ನು ಪ್ರಜೆಗಳೇ ಆರಿಸುವ ಕಾಲವು ಬಂದಿದೆ. ಆದರೂ ಅಧಿಕಾರವನ್ನು ಬಯಸುವವರು ಮಠದ ಬಾಗಿಲಿಗೆ ಬರುವುದು ನಿಂತಿಲ್ಲ. ಬಂದವರು ಹಿಂದಿನವರಂತೆಯೇ ಎರಡನ್ನು ಬೇಡುವರು: ಗೆಲ್ಲುವೆನೆಂಬ ಭವಿಷ್ಯ, ಗೆದ್ದ ಮೇಲೆ ಕೆಲಸಕ್ಕೆ ಬರುವ ದೇವರ ಅಂಕಿತ. ಬಂದವರಿಗೆ ವಿಭೂತಿಯನ್ನಿತ್ತು ಹರಸುವುದು ಗುರುಪೀಠದ ಧರ್ಮ. ಬಾಗಿಲನ್ನು ಯಾರಿಗೂ ಮುಚ್ಚುವಂತಿಲ್ಲ. ಆದರೆ ವಿಭೂತಿಯು ಬೇರೆ, ರಾಜಮುದ್ರೆಯು ಬೇರೆ. ವಿಭೂತಿಯು ಹಣೆಗೆ ಬಿದ್ದರೆ, ಎಲ್ಲವೂ ಕಡೆಗೆ ಬೂದಿಯೆಂದು ಧರಿಸಿದವನಿಗೆ ನೆನಪುಮಾಡುವುದು. ಮುದ್ರೆಯು ಕೈಗೆ ಬಂದರೆ, ಎಲ್ಲವೂ ತನ್ನದೇ ಎಂದು ಹಿಡಿದವನಿಗೆ ತೋರುವುದು. ಗುರುವು ಮೊದಲನೆಯದನ್ನು ಕೊಡಬಲ್ಲನು. ಎರಡನೆಯದನ್ನು ಕೊಡಲು ಅದು ಅವನದಲ್ಲ. ಅದರ ಜತೆಗೆ ಬುಕ್ಕರಾಯನ ಕಲ್ಲನ್ನು ತೋರಿಸಿ, ಬಲವಿಲ್ಲದವನ ಕೈಯನ್ನು ಹಿಡಿದಿರುವೆಯಾ ಎಂದು ಕೇಳಿದರೆ ಗುರುಪೀಠದ ಕಾರ್ಯವು ನೆರವೇರಿದಂತೆ.

ಭಕ್ತರಿಗೂ ಇದರಲ್ಲಿ ಪಾಲುಂಟು. ಮಠದ ಹಿರಿಮೆಯನ್ನು ಬಂದುಹೋದ ದೊಡ್ಡವರ ಎಣಿಕೆಯಿಂದಲೋ, ಮೆರವಣಿಗೆಯ ಉದ್ದದಿಂದಲೋ ಅಳೆಯಬಾರದು. ಹಸಿದು ಬಂದವನು ಜಾತಿಯನ್ನು ಹೇಳದೆ ಪಂಕ್ತಿಯಲ್ಲಿ ಕುಳಿತನೆ? ಬಡವರ ಮಗುವು ಇಲ್ಲಿ ಉಂಡು ಅಕ್ಷರವನ್ನು ಕಲಿಯಿತೆ? ಅನ್ಯಾಯಕ್ಕೊಳಗಾದವನು ಹೆದರದೆ ಬಂದು ಗುರುವಿನ ಮುಂದೆ ಮಾತಾಡಿದನೆ? ಈ ಮೂರು ಪ್ರಶ್ನೆಗಳಿಗೆ ಬರುವ ಉತ್ತರವೇ ಮಠದ ನಿಜವಾದ ಶಾಸನ. ಹಂಪೆಯ ಅರಮನೆಗೆ ಇಲ್ಲದ ಆಯುಷ್ಯವು ಇಂಥ ದಾಸೋಹದ ಒಲೆಗೆ ಉಂಟಾದುದು ಇದರಿಂದಲೇ. ಆ ಒಲೆಗೆ ಸೌದೆಯನ್ನು ಹೊತ್ತು ತಂದವರ, ಜೋಳದ ಚೀಲವನ್ನು ಗಾಡಿಯಲ್ಲಿ ತಂದಿಳಿಸಿದವರ ಹೆಸರನ್ನು ಯಾವ ತಾಮ್ರದ ಮೇಲೂ ಕೆತ್ತಿಲ್ಲ. ಕೆತ್ತಬೇಕೆಂದು ಅವರು ಕೇಳಲೂ ಇಲ್ಲ.

ಮುಂದಿನ ಉತ್ಸವದ ಹೊತ್ತಿಗೆ ಯಾರು ಇರುವರೋ, ಯಾರು ಆಳುವರೋ, ಅದನ್ನು ನುಡಿಯುವುದು ಶರಣರ ಕೆಲಸವಲ್ಲ. ಒಲೆಯು ಆರದಂತೆ ನೋಡಿಕೊಳ್ಳುವುದೇ ಅವರ ಕೆಲಸ. ಅಷ್ಟನ್ನು ಮಾಡಿದರೆ, ವಸಂತರಾಯನು ಬರಲಿ ಬಾರದಿರಲಿ, ಕಲ್ಯಾಣವು ಬಂದೇ ಬರುವುದು.